ನಮ್ಮ ಭಾವನ ಮೂರು ಪದರದ ಪೆಟ್ಟಿಗೆ

ನಮ್ಮ ಭಾವನವರಿಗೆ ಮದುವೆಯ ಆಮಂತ್ರಣ ಕೊಡುವವರು ದಯವಿಟ್ಟು ಎರಡು ಪತ್ರಿಕೆ ಕೊಡಬೇಕು. ಒಂದು ಓದುವುದಕ್ಕೆ, ಇನ್ನೊಂದು ಹರಿಯುವುದಕ್ಕೆ! ಒಂದೇ ಕೊಟ್ಟರೆ ಅವರು ಹರಿಯುವ ಕೆಲಸವನ್ನೇ ಮೊದಲು ಮಾಡಿ ಮುಗಿಸುತ್ತಾರೆ. ಮದುವೆ ಯಾರದು, ಎಲ್ಲಿ, ಯಾವತ್ತು ಎಂಬ ಸಣ್ಣಪುಟ್ಟ ವಿಚಾರಗಳೆಲ್ಲ ಆಮೇಲೆ. ಮೊದಲು ಪತ್ರಿಕೆಯ ಮೂಲೆಯನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡಿ, ಉಗುರಿನಿಂದ ಮೆಲ್ಲಗೆ ಕೆರೆದು, ಈರುಳ್ಳಿ ಸಿಪ್ಪೆ ಬಿಡಿಸಿದಂತೆ ಪದರ ಪದರವಾಗಿ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಎದುರಿಗೆ ಕುಂಕುಮದ ಬಟ್ಟಲು ಹಿಡಿದು ನಿಂತ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಹೋದ ವರ್ಷ ಹಾಗೆ ಬಂದ ಒಬ್ಬರಿಗೆ ಭಾವ ಬಹಳ ಮರುಕದಿಂದ ಹೇಳಿದರು: "ಮೋಸ ಹೋಗ್ಬಿಟ್ರಲ್ಲ ಸ್ವಾಮಿ! ಮೇಲೆ ಮಾತ್ರ ಬೆಳ್ಳಗೆ, ಒಳಗೆಲ್ಲ ಕೊಳಕು. ಎರಡೂ ಸರಿಯಾಗಿ ಕೂಡೇ ಇಲ್ಲ ನೋಡಿ. ಜಾಸ್ತಿ ದಿನ ಬಾಳಿಕೆ ಬರಲ್ಲ ಇದು."

ಹುಡುಗಿಯ ತಾಯಿ ಅಲ್ಲೇ ಸೋಫಾದ ಮೇಲೆ ಕುಸಿದು ಕೂತರು. "ಹುಡುಗನ ವಿಷಯ ನಿಮಗೆ ಏನಾದ್ರೂ ಗೊತ್ತಾಯ್ತಾ?" ಎಂದು ಆಕೆಯ ಗಂಡ ಕೇಳಿದರು. ಭಾವ ಹೇಳಿದ್ದು ಪತ್ರಿಕೆಯ ರಟ್ಟಿನ ವಿಷಯ ಎಂದು ನನ್ನ ಅಕ್ಕ ಬಿಡಿಸಿ ಹೇಳುವ ಹೊತ್ತಿಗೆ ಆಕೆಗೆ ಎರಡು ಲೋಟ ನೀರು ಕುಡಿಸಬೇಕಾಯಿತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಹೊಸಕೋಟೆಯ ಹತ್ತಿರ ಪಿಲ್ಲಗುಂಪೆಯಲ್ಲಿ ರದ್ದಿ ಕಾಗದದಿಂದ ರಟ್ಟು ತಯಾರಿಸುವ ಸಣ್ಣ ಕಾರ್ಖಾನೆಯೊಂದಿದೆ. ಅಲ್ಲಿ ಯಂತ್ರ ಡಿಸೈನ್ ಮಾಡುವುದು ಅವರ ಕೆಲಸ. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ; ಅವರದೂ ಅಷ್ಟೇ. ಮಗ್ಗದ ಸದ್ದು ಇದ್ದರೆ ನಿದ್ದೆ, ನಿಂತರೆ ಎಚ್ಚರ ಎನ್ನುವಂಥ ಜನ ನಾವು. ಅಂಥದ್ದರಲ್ಲಿ ಸಂಬಂಧ ಕುದುರಿದ ಮೇಲೆ ಹುಡುಗ ಏನು ಕೆಲಸ ಮಾಡುತ್ತಾನೆಂದು ಸರಿಯಾಗಿ ತಿಳಿದಾಗ ನಮ್ಮಪ್ಪ ತಲೆ ಮೇಲೆ ಕೈ ಹೊತ್ತು ಕೂತರು.

"ಸೀರೆ ನೇಯೋ ಮನೇಲಿ ಹುಟ್ಟಿ ಸೀರೆ ಡಬ್ಬಿ ಮಾಡಕ್ಕೆ ಹೋಗ್ತಾನಂತಲ್ಲಮ್ಮ!"

ಡಬ್ಬಿಯನ್ನೂ ಅವರು ಮಾಡುವುದಿಲ್ಲ, ಡಬ್ಬಿಗೆ ಬೇಕಾದ ರಟ್ಟನ್ನೂ ಮಾಡುವುದಿಲ್ಲ, ರಟ್ಟು ಮಾಡುವ ಯಂತ್ರಕ್ಕೆ ಅಂಬಲಿಯಂಥ ದ್ರವ ಸುರಿಯುವ ಪೆಟ್ಟಿಗೆಯನ್ನು ಮಾತ್ರ ಡಿಸೈನ್ ಮಾಡುತ್ತಾರೆ ಎಂಬ ಪೂರ್ಣ ಸತ್ಯವನ್ನು ಅಪ್ಪನಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ರದ್ದಿ ಕಾಗದವನ್ನು ನೀರಲ್ಲಿ ಕದಡಿದರೆ ಆಗುವ ಆ ಅಂಬಲಿಗೆ ಕಾರ್ಖಾನೆಯವರು 'ಸ್ಟಾಕ್' ಎನ್ನುತ್ತಾರೆ. ಅದನ್ನು ಓಡುತ್ತಿರುವ ಜಾಲರಿಯ ಮೇಲೆ ಅಗಲಕ್ಕೂ ಸಮನಾಗಿ ಸುರಿಯಬೇಕು. ನೀರು ಬಸಿದು ಹೋದರೆ ಉಳಿಯುವುದೇ ಕಾಗದ. ಸುರಿಯುವ ಪೆಟ್ಟಿಗೆಯೇ ಭಾವನ ಪ್ರಪಂಚ. ಇಷ್ಟನ್ನು ಕನ್ನಡದಲ್ಲಿ ಹೇಳಿದ್ದರೆ ಆಗುತ್ತಿತ್ತು. ಆದರೆ ಕಾರ್ಖಾನೆಯವರು ಅವರ ಕಾರ್ಡಿನಲ್ಲಿ 'ಸ್ಟಾಕ್ ಫೀಡ್ ಡಿಸೈನರ್' ಎಂದು ಅಚ್ಚು ಹಾಕಿಸಿಬಿಟ್ಟರು. ಅಲ್ಲಿಂದ ಶುರುವಾಯಿತು ನೋಡಿ!

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಒಂದು ಬೆಳಿಗ್ಗೆ ಗೇಟಿನ ಹತ್ತಿರ ಪಿಸುಮಾತಿನಲ್ಲಿ ಕೇಳಿದರು: "ಸಾರ್, ನಿಮಗೆ ಒಳಗಿಂದೆಲ್ಲ ಗೊತ್ತಿರುತ್ತೆ. ಈಗ ಯಾವ ಸ್ಟಾಕ್ ಒಳ್ಳೇದು?"

ತನ್ನ ವಿಷಯವನ್ನು ಒಬ್ಬರು ತಾವಾಗಿ ಕೇಳಿದ್ದೇ ಭಾವನಿಗೆ ಆನಂದ. "ಬಿದಿರಿಂದು ಒಳ್ಳೇದು ಸಾರ್, ಆದ್ರೆ ಎಲ್ಲಿ ಸಿಗುತ್ತೆ? ಈಗೆಲ್ಲ ನಡೀತಿರೋದು ಬರೀ ರದ್ದಿ ಮೇಲೆ. ಮೇಲೆ ಮೇಲೆ ಬೆಳ್ಳಗೆ ಕಾಣುತ್ತೆ ಅಷ್ಟೇ."

ಮೇಷ್ಟ್ರು ಮನೆಗೆ ಹೋದವರೇ ತಮ್ಮಲ್ಲಿದ್ದ ಷೇರುಗಳನ್ನೆಲ್ಲ ಮಾರಿಬಿಟ್ಟರು. ಮರುವಾರ ಮಾರುಕಟ್ಟೆ ಮಕಾಡೆ ಮಲಗಿತು. ಇವತ್ತಿಗೂ ಮೇಷ್ಟ್ರು ನಮ್ಮ ಭಾವನನ್ನು ಕಂಡರೆ ಚಪ್ಪಲಿ ಬಿಟ್ಟು ನಮಸ್ಕಾರ ಮಾಡುತ್ತಾರೆ.

ಹಿಂದಿನ ಬೀದಿಯಲ್ಲಿ ಹಸು ಕಟ್ಟಿದ್ದ ಗೌಡರದು ಬೇರೆಯೇ ಕಥೆ. ಅವರಿಗೆ 'ಫೀಡ್' ಒಂದೇ ಕಿವಿಗೆ ಬಿದ್ದಿತ್ತು; ಫೀಡ್ ಅಂದರೆ ಅವರ ಪಾಲಿಗೆ ಹಸುವಿನ ಮೇವು.

"ಸ್ವಾಮಿ, ನಿಮ್ಮ ಫೀಡಿಗೆ ಏನೇನು ಹಾಕ್ತೀರಾ?"

"ರದ್ದಿ ಪೇಪರ್ರು, ಒಂಚೂರು ಪಟಿಕ, ಗಂಜಿ. ಮಿಕ್ಕಿದ್ದೆಲ್ಲ ನೀರೇ."

"ಥೂ! ಅದಕ್ಕೇ ಇವಾಗ ಹಾಲು ಇಷ್ಟೊಂದು ನೀರು ನೀರಾಗಿ ಬರ್ತಿರೋದು!" ಎಂದು ಗೌಡರು ಹೊರಟವರು ಮತ್ತೆ ಭಾವನ ಬೀದಿಗೆ ಹಾಲು ಕೊಡಲಿಲ್ಲ.

ಇರಲಿ. ಎಲ್ಲರ ಹಾಗೆ ಒಂದು ಪೆಟ್ಟಿಗೆಯಿಂದ ಒಂದು ಪದರ ಸುರಿದುಕೊಂಡು ಇದ್ದಿದ್ದರೆ ಭಾವ ಸುಖವಾಗಿರುತ್ತಿದ್ದರು. ಅವರ ಕನಸೇ ಬೇರೆ. ಒಂದೇ ಪೆಟ್ಟಿಗೆ, ಒಂದೇ ಬಾಯಿ. ಆದರೆ ಅದರಿಂದ ಮೂರು ಬಗೆಯ ಅಂಬಲಿ ಒಂದರ ಮೇಲೊಂದು ಒಟ್ಟಿಗೆ ಹೊರಬರಬೇಕು. ಮೇಲೆ ಬಿಳಿ, ನಡುವೆ ಬೂದು, ಕೆಳಗೆ ಕಂದು. ಪೆಟ್ಟಿಗೆಯೊಳಗೆ ಬಾಯಿಯವರೆಗೂ ಚಾಚಿಕೊಂಡ ಎರಡು ತೆಳ್ಳನೆಯ ಹಾಳೆಗಳು ಮೂರನ್ನೂ ಬೇರೆ ಬೇರೆಯಾಗಿ ಇಡುತ್ತವೆ. ಆ ಹಾಳೆಗಳಿಗೆ ಭಾವ ಇಟ್ಟ ಹೆಸರು 'ನಾಲಗೆ'.

"ಹೊರಗೆ ಬಂದ್ಮೇಲೆ ಒಂದಕ್ಕೊಂದು ಬೆರೀಬಾರ್ದು. ಹಂಗಂತ ಬಿಟ್ಕೊಂಡೂ ಹೋಗ್ಬಾರ್ದು. ಅರ್ಥ ಆಯ್ತಾ?" ಎಂದು ಅಕ್ಕನನ್ನು ಕೇಳಿದರು.

"ಆಯ್ತು ಬಿಡಿ. ನಾನೂ ನಿಮ್ಮಮ್ಮನೂ ಒಂದೇ ಮನೇಲಿ ಇದೀವಲ್ಲ, ಹಂಗೆ," ಎಂದಳು ಅಕ್ಕ.

ಕಾರ್ಖಾನೆಯಲ್ಲಿ ಪ್ರಯೋಗಕ್ಕೆ ಜಾಗ ಸಿಗಲಿಲ್ಲವೆಂದು ಭಾವ ಅಕ್ಕನ ಅಡುಗೆಮನೆಗೆ ನುಗ್ಗಿದರು. ಹಳೆಯ ಮೀನಿನ ತೊಟ್ಟಿಯ ಗಾಜಿನಿಂದ ಒಂದು ಪುಟ್ಟ ಪೆಟ್ಟಿಗೆ ತಯಾರಾಯಿತು. ಬಿಳಿಗೆ ದೋಸೆ ಹಿಟ್ಟು, ಕಂದಿಗೆ ರಾಗಿ ಅಂಬಲಿ, ನಡುವಿನ ಬೂದು ಬಣ್ಣಕ್ಕೆ ಎಳ್ಳು ರುಬ್ಬಿದ ನೀರು! ನಾಲಗೆಗಳಿಗೆ ಬಾಗುವಂಥ ತೆಳು ಹಾಳೆ ಬೇಕಲ್ಲ? ಬೀರು ತೆಗೆದರು. ಹಳೆಯ ಎಕ್ಸ್‌ರೇ ಸಿಕ್ಕಿತು. ಕತ್ತರಿ ಹಾಕಿದರು.

ಮಾರನೆಯ ದಿನ ಅವರ ತಾಯಿ ಡಾಕ್ಟರ ಹತ್ತಿರ ಹೊರಟು ನಿಂತು, ಮನೆಯೆಲ್ಲ ಹುಡುಕಾಡಿ ಕೇಳಿದರು: "ಏನೋ, ನನ್ನ ಮಂಡಿ ಎಲ್ಲೋ ಇಟ್ಟಿದ್ದೀಯ?"

"ಅಂಬಲಿ ಒಳಗೆ ನೆನೀತಾ ಇದೆಯಮ್ಮ. ಮುಟ್ಬೇಡ, ಇವಾಗ ತಾನೇ ಒಂದ್ ಸಮಕ್ಕೆ ಹರೀತಿದೆ."

ಆ ವಾರವೆಲ್ಲ ಅಕ್ಕನ ಮನೆಯಲ್ಲಿ ತಿಂಡಿಗೆ ಪಟ್ಟೆ ಪಟ್ಟೆ ದೋಸೆ. ಎಳ್ಳು, ರಾಗಿ, ಅಕ್ಕಿ ಎಲ್ಲ ಒಂದರೊಳಗೊಂದು ನುಗ್ಗಿ ಒಂದೊಂದು ದೋಸೆಯೂ ಒಂದೊಂದು ದೇಶದ ಭೂಪಟದಂತೆ ಕಾಣುತ್ತಿತ್ತು. ಬೆರೆತಿದ್ದರಿಂದ ಅವರಿಗೆ ದುಃಖ, ತಿನ್ನಬೇಕಾದ್ದರಿಂದ ನಮಗೆ!

ಎಲ್ಲಿ ಹೋದರೂ ಅವರ ಕಣ್ಣಿಗೆ ಪದರವೇ. ಒಂದು ಮದುವೆಯಲ್ಲಿ ಊಟಕ್ಕೆ ಚಿರೋಟಿ ಬಡಿಸಿದರು. ನಾವೆಲ್ಲ ಸಕ್ಕರೆ ಪುಡಿ, ಬಾದಾಮಿ ಹಾಲು ಸುರಿದುಕೊಂಡು ತಿನ್ನುತ್ತಿದ್ದರೆ ಭಾವ ಚಿರೋಟಿಯ ಒಂದೊಂದೇ ಎಸಳನ್ನು ಬಿಡಿಸಿ ಎಲೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದರು. ಅಷ್ಟಕ್ಕೆ ಮುಗಿಯಲಿಲ್ಲ. ಎಂಜಲು ಕೈಯಲ್ಲೇ ಎದ್ದು ಅಡುಗೆಯ ಮನೆಗೆ ನಡೆದರು.

"ಇದರ ಮಧ್ಯೆ ಏನ್ರೀ ಸವರ್ತೀರಾ? ಇಷ್ಟು ಪದರ ಅಂಟ್ಕೊಳ್ದೆ ಹೆಂಗೆ ನಿಲ್ಲುತ್ತೆ?"

ಬಾಣಲೆಯ ಮುಂದಿದ್ದ ಹಿರಿಯ ಅಡುಗೆಯವರು ಮೇಲಿಂದ ಕೆಳಗೆ ನೋಡಿದರು. ಜೇಬಿನಲ್ಲಿ ಪೆನ್ನು, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಪುರಾವೆ! ಆಹಾರ ತಪಾಸಣೆಯ ಅಧಿಕಾರಿಯೇ ಇರಬೇಕೆಂದು ಅವರಿಗೆ ಖಾತ್ರಿಯಾಗಿಹೋಯಿತು. "ಅಕ್ಕಿ ಹಿಟ್ಟು, ತುಪ್ಪ ಸ್ವಾಮಿ. ದೇವ್ರಾಣೆ ತುಪ್ಪಾನೇ," ಎಂದವರು, ನಾವು ಹೊರಡುವಾಗ ಒಂದು ದೊಡ್ಡ ಬುಟ್ಟಿ ಚಿರೋಟಿಯನ್ನು ತಂದು ಕಾರಿನಲ್ಲಿಟ್ಟು ಕೈ ಮುಗಿದರು. ಅಕ್ಕ ನಾಲ್ಕಾರು ದಿನ ಪದರಗಳ ಬಗ್ಗೆ ಒಂದು ಕೊಂಕು ಮಾತೂ ಆಡಲಿಲ್ಲ.

ನಾನು ದೇವನಹಳ್ಳಿಯಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುತ್ತೇನೆ. ಒಂದು ಭಾನುವಾರ ಅಕ್ಕ ಭಾವ ಇಬ್ಬರನ್ನೂ ನಮ್ಮ ಹೋಟೆಲಿಗೆ ಊಟಕ್ಕೆ ಕರೆದು, ಆಮೇಲೆ ನಲ್ಲೂರಿನ ಹುಣಸೆ ತೋಪು ತೋರಿಸೋಣವೆಂದು ಯೋಜನೆ ಹಾಕಿದೆ. ಹೋಟೆಲಿನಲ್ಲಿ ಭಾವ ಕೈ ಒರೆಸುವ ಕಾಗದವನ್ನು ಎರಡಾಗಿ ಸೀಳಿ, ಸೀಳಿದ್ದನ್ನು ಫ್ಯಾನಿನ ಗಾಳಿಗೆ ಹಾರಿಸಿ, ಅದು ವಿದೇಶಿಯರೊಬ್ಬರ ಸೂಪಿನೊಳಗೆ ಇಳಿಯುವವರೆಗೂ ಬಿಡದೆ ಗಮನಿಸಿದರು. ನಮ್ಮ ಮ್ಯಾನೇಜರ್ ಓಡಿ ಬಂದಾಗ, "ಒದ್ದೆಯಾದ್ರೂ ಬಿಟ್ಕೊಂಡಿಲ್ಲ ನೋಡಿ! ಒಳ್ಳೇ ಕಂಪನೀದು," ಎಂದು ಅವರನ್ನೇ ಅಭಿನಂದಿಸಿದರು.

ಹುಣಸೆ ತೋಪಿನಲ್ಲಾದರೂ ಶಾಂತಿ ಇರುತ್ತದೆ ಎಂದುಕೊಂಡೆ. ಎಷ್ಟು ತಲೆಮಾರು ಕಂಡ ಮರಗಳೋ! ಬಂದವರೆಲ್ಲ ಆ ತಿರುಚಿದ ಕಾಂಡಗಳನ್ನು ನೋಡಿ ಬೆರಗಾಗಿ ನಿಲ್ಲುತ್ತಾರೆ. ನಮ್ಮ ಭಾವನ ಕಣ್ಣು ಒಂದು ಕೊಂಬೆಯಲ್ಲಿ ಜೋತುಬಿದ್ದ ಬೂದು ಬಣ್ಣದ ಉಂಡೆಯ ಮೇಲೆ ಬಿತ್ತು. ಕಡಜದ ಗೂಡು.

"ಲೇ, ಇಲ್ಲಿ ಬಾರೇ! ಮರದ ನಾರು ಅಗಿದು ಅಗಿದು ಕಾಗದ ಮಾಡಿದಾವೆ ಕಣೇ! ಒಂದರ ಮೇಲೊಂದು ಪದರ! ಪೆಟ್ಟಿಗೆ ಇಲ್ಲ, ಮೋಟಾರಿಲ್ಲ, ಬರೀ ಬಾಯಿ!"

"ರೀ, ದೂರ ಬನ್ನಿ. ಅವಕ್ಕೆ ನಿಮ್ಮ ಡಿಗ್ರಿ ಗೊತ್ತಿಲ್ಲ," ಎಂದು ಅಕ್ಕ ಕೂಗುತ್ತಲೇ ಇದ್ದಳು. ಭಾವ ಉಗುರು ಮುಂದೆ ಚಾಚಿದರು. ಕಡಜಗಳಿಗೆ ಮದುವೆ ಪತ್ರಿಕೆಯವರ ಸಹನೆ ಇರಲಿಲ್ಲ.

ನಾವು ಕಾರು ಮುಟ್ಟುವ ಹೊತ್ತಿಗೆ ಭಾವನ ಬಲಗಣ್ಣು ಕಾಣೆಯಾಗಿತ್ತು, ತುಟಿ ವಡೆಯ ಗಾತ್ರಕ್ಕೆ ಬಂದಿತ್ತು. ಅಕ್ಕ ಸೆರಗಿನಿಂದ ಗಾಳಿ ಬೀಸುತ್ತಾ ಹೇಳಿದಳು: "ಇವಾಗ ನಿಮ್ಮ ಮುಖಾನೇ ಮೂರು ಪದರ ಆಗಿದೆ. ಬಿಡಿಸಿ ನೋಡ್ಲಾ?"

ಇನ್ನು ಕಾರ್ಖಾನೆಯ ಮಾಲೀಕರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ದೇವನಹಳ್ಳಿ ಕಡೆ ಜಮೀನು ವ್ಯವಹಾರದಲ್ಲಿ ಮೇಲೆ ಬಂದವರು. ಅವರಿಗೆ ಲೇಔಟ್ ಚೆನ್ನಾಗಿ ಗೊತ್ತಿತ್ತು, ಲೇಯರ್ ಗೊತ್ತಿರಲಿಲ್ಲ. ಮುಂದೆ ದೊಡ್ಡ ಕಮಾನು, ಎರಡು ತೆಂಗಿನ ಗಿಡ, ಒಳಗೆ ಹೋದರೆ ಬರೀ ಮುಳ್ಳುಪೊದೆ: ಅವರ ಬಡಾವಣೆಗಳೆಲ್ಲ ಹೀಗೆ. ಹಾಗಾಗಿ ಮೂರು ಪದರದ ರಟ್ಟಿನ ವಿಚಾರ ಕೇಳಿದ ತಕ್ಷಣ ಅವರಿಗೆ ತುಂಬಾ ಹಿಡಿಸಿತು.

"ಅಂದ್ರೆ ಮೇಲೆ ಒಂಚೂರೇ ಚೂರು ಬಿಳಿ ಸವರಿದ್ರೆ ಸಾಕು, ಒಳಗೆ ಏನ್ ಕಸ ತುಂಬಿದ್ರೂ ಯಾರಿಗೂ ಕಾಣಲ್ಲ ಅಂತೀರಾ? ಸೂಪರ್ ಗುರು! ಇದು ನಮ್ಮ ಲೈನೇ!"

ಪೆಟ್ಟಿಗೆ ತಯಾರಾಯಿತು. ಯಂತ್ರಕ್ಕೆ ಜೋಡಿಸಿಯೂ ಆಯಿತು. ಮೊದಲು ಗುಟ್ಟಾಗಿ ಓಡಿಸಿ ನೋಡೋಣ ಎಂದು ಭಾವ ಗೋಗರೆದರು. ಮಾಲೀಕರು ಕೇಳಬೇಕಲ್ಲ! ಶಾಮಿಯಾನ ಹಾಕಿಸಿ, ಬಾಳೆಕಂದು ಕಟ್ಟಿಸಿ, ಸ್ಥಳೀಯ ಮುಖಂಡರೊಬ್ಬರನ್ನು ಉದ್ಘಾಟನೆಗೆ ಕರೆಸಿಬಿಟ್ಟರು. ಅಕ್ಕ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ನಾನು ರಜೆ ಹಾಕಿ ಪಕ್ಕದಲ್ಲಿ ಕೂತೆ.

ಮುಖಂಡರು ಮೈಕು ಹಿಡಿದರು. ಕೃಷಿಯಿಂದ ಶುರುಮಾಡಿ, ವಿಮಾನ ನಿಲ್ದಾಣವನ್ನು ಹಾದು, ಬಾಹ್ಯಾಕಾಶಕ್ಕೆ ಹೋಗಿ, ವಾಪಸು ಪಿಲ್ಲಗುಂಪೆಗೆ ಬರಲು ದಾರಿ ತಿಳಿಯದೆ ಒದ್ದಾಡಿದರು. ಕೊನೆಗೆ ಆವೇಶ ಬಂದು, "ಇನ್ನು ಸ್ವಲ್ಪ ದಿನದಲ್ಲೇ ನಮ್ಮ ತಾಲ್ಲೂಕಿನಲ್ಲಿ ಒಂದು ತುಂಡು ಕಾಗದವೂ ಇಲ್ಲದ ಆಡಳಿತ ತರ್ತೀವಿ!" ಎಂದು ಘೋಷಿಸಿದರು. ಕಾಗದದ ಕಾರ್ಖಾನೆಯ ಕಾರ್ಮಿಕರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು.

ಗುಂಡಿ ಒತ್ತಿದರು. ಯಂತ್ರ ಗುಡುಗಿತು. ಪೆಟ್ಟಿಗೆಯ ಬಾಯಿಂದ ಅಂಬಲಿ ಚಿಮ್ಮಿತು, ಜಾಲರಿ ಓಡಿತು, ಆ ತುದಿಯಲ್ಲಿ ಅಗಲವಾದ ರಟ್ಟು ಇಣುಕಿತು. ಭಾವ ಮುಂದೆ ಬಾಗಿ ನೋಡಿದರು. ಬಿಳಿ ಎಲ್ಲಿ? ಬಿಳಿಯ ನಡುವೆ ಬೂದು, ಬೂದಿನ ನಡುವೆ ಕಂದು, ಉದ್ದಕ್ಕೂ ಸೊಟ್ಟ ಸೊಟ್ಟ ಪಟ್ಟೆ! ಅಕ್ಕನ ಅಡುಗೆಮನೆಯ ದೋಸೆಯೇ ಆಳೆತ್ತರಕ್ಕೆ ಬೆಳೆದು ಬಂದಂತಿತ್ತು.

ಮುಖಂಡರು ಮಾತ್ರ ರಟ್ಟನ್ನು ಕೈಯಿಂದ ಸವರಿ ತಲೆದೂಗಿದರು: "ಆಹಾ! ಏನ್ ಡಿಸೈನಪ್ಪಾ! ನಮ್ಮ ದೊಡ್ಡಬಳ್ಳಾಪುರದ ಸೀರೆ ನೋಡ್ದಂಗಾಯ್ತು!"

ಮಾಲೀಕರು ಫೋಟೋಗೆ ನಗಲೇಬೇಕಾಯಿತು. ಮುಖಂಡರ ಕಾರು ಗೇಟು ದಾಟುವವರೆಗೂ ನಗು ಹಾಗೇ ಇತ್ತು. ಆಮೇಲೆ ಭಾವನ ಕಡೆ ತಿರುಗಿದರು: "ಇನ್ನೊಂದೇ ಒಂದು ಚಾನ್ಸು. ಅದರಲ್ಲೂ ಹಿಂಗೇ ಆದ್ರೆ ಆ ಪೆಟ್ಟಿಗೇನ ಗುಜರಿಗೆ ಹಾಕ್ತೀನಿ. ನೀವೂ ಬೇರೆ ಕಡೆ ಕೆಲಸ ನೋಡ್ಕೊಳ್ಳಿ."

ತಪ್ಪು ಎಲ್ಲಾಯಿತೆಂದು ಭಾವ ಕಂಡುಹಿಡಿದರು. ರಭಸದಲ್ಲಿ ಒಳಗಿನ ನಾಲಗೆಗಳ ತುದಿ ಬಾವುಟದಂತೆ ಪಟಪಟನೆ ಬಡಿದುಕೊಂಡಿದ್ದವು. ಅದಕ್ಕೇ ಪದರಗಳು ಕಲಸಿಹೋದವು. ಆ ದಿನ ನಾಲಗೆಗಳು ಅಗತ್ಯಕ್ಕಿಂತ ಉದ್ದವಾಗಿದ್ದವು ಎಂದು ಅವರು ಹೇಳಿದಾಗ ನಾನು, ವೇದಿಕೆಯ ಮೇಲಿದ್ದ ಮುಖಂಡರ ನಾಲಗೆಯನ್ನೂ ಸೇರಿಸಿ ಹೇಳುತ್ತಿದ್ದಾರೆ ಎಂದುಕೊಂಡೆ! ತುದಿ ಗಿಡ್ಡ ಮಾಡಿದರು, ಅಂಚನ್ನು ಸವೆಸಿ ಸವೆಸಿ ಬ್ಲೇಡಿನಷ್ಟು ತೆಳ್ಳಗೆ ಮಾಡಿದರು. ಊಟ ಮಾಡುವಾಗ ನಾಲಗೆ, ಟೀವಿ ನೋಡುವಾಗ ನಾಲಗೆ. "ನಾನು ಜ್ವರ ಅಂದ್ರೂ ನಾಲಗೆ ತೋರ್ಸು ಅಂತಾರೆ ಕಣೇ. ಡಾಕ್ಟರ ಥರ ಅಂದ್ಕೋಬೇಡ, ತುದಿ ದಪ್ಪ ನೋಡ್ತಾರೆ," ಎಂದು ಅಕ್ಕ ಫೋನಿನಲ್ಲಿ ನಕ್ಕಳು.

ನಕ್ಕಳು, ಆದರೆ ಜ್ವರ ಮಾತ್ರ ನಿಜವಾಗಿಯೂ ಇತ್ತು. ಮಳೆಗಾಲ. ಹೊಸಕೋಟೆಯ ಮನೆ ಮನೆಯಲ್ಲೂ ಡೆಂಗಿ. ಮೂರನೆಯ ದಿನಕ್ಕೆ ಅಕ್ಕನಿಗೆ ಎದ್ದು ನಿಲ್ಲಲು ಆಗಲಿಲ್ಲ. ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದು ಆಸ್ಪತ್ರೆಗೆ ಸೇರಿಸಿಕೊಂಡರು. ಪೆಟ್ಟಿಗೆಯ ಎರಡನೆಯ ಪರೀಕ್ಷೆ ಇದ್ದದ್ದು ಸರಿಯಾಗಿ ಅದರ ಮರುದಿನವೇ.

ನಾನು ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಭಾವ ಅಲ್ಲೇ ಇದ್ದರು. ಇದ್ದರು ಅನ್ನುವುದಕ್ಕಿಂತ ನರ್ಸುಗಳ ಪ್ರಾಣ ತೆಗೆಯುತ್ತಿದ್ದರು ಎನ್ನಬೇಕು. ಅಕ್ಕನ ಕೈಗೆ ಡ್ರಿಪ್ಸ್ ಹಾಕಿದ್ದರಲ್ಲ? ಅದೂ ಒಂದು ಫೀಡ್ ತಾನೇ! ಬಾಟಲಿಯ ಎತ್ತರ ಸರಿಯಿಲ್ಲ, ಕೊಳವೆ ಇಲ್ಲಿ ಮಡಿಸಿಕೊಂಡಿದೆ, ಅಗೋ ಅಲ್ಲೊಂದು ಗುಳ್ಳೆ. ದುಂಡು ಮುಖದ ಒಬ್ಬ ನರ್ಸು ಸೊಂಟದ ಮೇಲೆ ಕೈಯಿಟ್ಟು, "ಸಾರ್, ನೀವು ಸುಮ್ನೆ ಸ್ಟೂಲ್ ಮೇಲೆ ಕೂತ್ಕೊಳ್ತೀರೋ, ಇಲ್ಲಾ ನಿಮಗೂ ಒಂದು ಹಾಕ್ಲೋ?" ಎಂದಳು. ಭಾವ ಕೂತರು.

"ಪಿಲ್ಲಗುಂಪೆಗೆ ಹೋಗಲ್ವಾ ಭಾವ? ಇವತ್ತೇ ಅಲ್ವಾ? ನಾನಿದೀನಿ, ಹೋಗಿ ಬನ್ನಿ," ಎಂದೆ.

"ಹೆಂಗೆ ಓಡಿಸ್ಬೇಕು ಅಂತ ಆಪರೇಟರಿಗೆ ಹೇಳಿದೀನಿ," ಎಂದರು. ಅಷ್ಟೇ. ಮಾಲೀಕರು ಬೆಳಿಗ್ಗೆಯಿಂದ ಬೈದು ಬೈದು ಫೋನು ಮಾಡುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ನಾನು ಕೆಳಗೆ ಹೋಗಿ ಅಕ್ಕನಿಗೆ ಗಂಜಿ, ಅವರಿಗೆ ಕಾಫಿ ತಂದೆ. ಬಾಗಿಲು ತಳ್ಳಿದರೆ ಅಕ್ಕ ನಿದ್ದೆ ಹೋಗಿದ್ದಳು. ಭಾವ ಸ್ಟೂಲನ್ನು ಮಂಚಕ್ಕೆ ಒತ್ತಿ ಕೂತು, ಡ್ರಿಪ್ಸ್ ಕೊಳವೆಯನ್ನು ಸುರುಳಿ ಮಾಡಿ ಬಲಗೈ ಮುಷ್ಟಿಯೊಳಗೆ ಹಿಡಿದುಕೊಂಡಿದ್ದರು. ಮತ್ತೆ ಪ್ರಯೋಗ ಶುರುವಾಯಿತಾ ಎಂದು ನನಗೆ ಸಿಟ್ಟೇ ಬಂತು.

"ಭಾವ, ಅದನ್ನಾದ್ರೂ ಬಿಡಿ! ಅದರ ಡಿಸೈನೂ ಸರಿ ಇಲ್ವಾ?"

ಅವರು ತಲೆ ಎತ್ತಲಿಲ್ಲ. "ತಣ್ಣಗೆ ಹೋಗ್ತಿದೆಯಂತೆ ಕಣಮ್ಮ. ಕೈಯೆಲ್ಲ ಜೋಮು ಹಿಡ್ದಂಗಾಗುತ್ತೆ, ನಿದ್ದೆ ಬರ್ತಿಲ್ಲ ಅಂತಿದ್ಲು. ಅದಕ್ಕೇ ಒಂಚೂರು ಬೆಚ್ಚಗೆ ಮಾಡಿ ಬಿಡ್ತಿದೀನಿ."

ಎಷ್ಟು ಹೊತ್ತಿನಿಂದ ಹಾಗೆ ಹಿಡಿದಿದ್ದರೋ, ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟೆ.

ಹಾಸಿಗೆಯ ತುದಿಯಲ್ಲಿದ್ದ ಅವರ ಫೋನು ಗುಯ್‌ಗುಟ್ಟಿತು. ಮಾಲೀಕರು. ನೀನೇ ತೆಗೆದುಕೋ ಎಂದು ಭಾವ ಕಣ್ಣಲ್ಲೇ ಹೇಳಿದರು. ನಾನು ಕಿವಿಗಿಡುವ ಮೊದಲೇ ಆ ಕಡೆಯಿಂದ ಕೂಗು: "ಬಂತು! ಬಂತು ಗುರು! ಮೂರೂ ಬೇರೆ ಬೇರೆ ಕಾಣ್ತಿದೆ, ಕಿತ್ರೆ ಕೀಳಕ್ಕೆ ಬರ್ತಿಲ್ಲ! ಎಲ್ಲಿದ್ದೀರಾ ನೀವು?" ಹಿಂದೆ ಯಂತ್ರದ ಗುಡುಗು, ಜನರ ಗದ್ದಲ, ಯಾರದೋ ಶಿಳ್ಳೆ.

ನಾನು ಫೋನಿಗೆ ಅಂಗೈ ಅಡ್ಡ ಹಿಡಿದು ಬಾಗಿದೆ. "ಭಾವ, ಬಂತಂತೆ! ಒಂಚೂರೂ ಬೆರೆತಿಲ್ವಂತೆ. ನಿಮ್ಮ ಹತ್ರ ಮಾತಾಡ್ಬೇಕಂತೆ."

ಬಿಳಿ ಎಷ್ಟು ತೆಳ್ಳಗೆ ಬಂತು, ಅಂಚಿನಲ್ಲಿ ಹೇಗಿದೆ, ಒದ್ದೆ ಮಾಡಿ ನೋಡಿದರಾ, ನಾಲಗೆ ನಡುಗಿತಾ ಎಂಬ ಪ್ರಶ್ನೆಗಳ ಸುರಿಮಳೆಗೆ ನಾನು ಸಿದ್ಧಳಾಗಿ ನಿಂತೆ. ಭಾವ ಫೋನಿನ ಕಡೆ ನೋಡಲೂ ಇಲ್ಲ.

"ಮೆತ್ತಗೆ ಮಾತಾಡಮ್ಮ, ಇವಾಗ ತಾನೇ ಕಣ್ಣು ಹತ್ತಿದೆ," ಎಂದರು. "ಆಮೇಲೆ ಮಾಡ್ತೀನಂತೆ ಅನ್ನು."

ಬಲಗೈಯ ಬಿಸಿ ಆರಿತ್ತೋ ಏನೋ, ಕೊಳವೆಯನ್ನು ಅಲುಗಿಸದಂತೆ ಕೈ ಬದಲಿಸಿ, ಎಡಗೈ ಮುಷ್ಟಿಯೊಳಗೆ ಮುಚ್ಚಿಕೊಂಡರು.